ಜಾಕಿ ರಾಬಿನ್ಸನ್ ಗೊತ್ತು, ಡ್ಯಾನ್ ಬ್ಯಾಂಕ್‌ಹೆಡ್ ಗೊತ್ತಾ?



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಿದ್ದಾಗ ಓದಿ, ಆದ್ರೆ ಪೂರ್ತಿ ಓದಿ.

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮ ಕೇರಿಯಿಂದ ಮೊದಲ ಸಲ ಎಂಜಿನಿಯರಿಂಗ್ ಸೇರಿದ್ದ ಹುಡುಗ ಎರಡನೇ ವರ್ಷಕ್ಕೇ ಬಿಟ್ಟು ವಾಪಸ್ ಬಂದಿದ್ದಾನೆ. ನಾಲ್ಕು ಸಬ್ಜೆಕ್ಟ್ ಹೋಗಿವೆ. ಬಸ್‌ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಿಂತಿದ್ದೆ. ಊರಿನ ಹಿರಿಯರೊಬ್ಬರು ನನಗೆ ಕೇಳಿಸಲಿ ಅಂತಾನೇ ಹೇಳಿದರು: "ಸೀಟೂ ಕೊಡ್ತಾರೆ, ಫೀಸೂ ಕೊಡ್ತಾರೆ. ಆದ್ರೂ ಇವ್ರ ಕೈಲಿ ಆಗಲ್ಲ ನೋಡಿ."

ಅವರ ತಮ್ಮನ ಮಗ ಪಿಯುಸಿಯಲ್ಲೇ ಮೂರು ಸಲ ಡುಮ್ಕಿ ಹೊಡೆದು ಈಗ ಅಪ್ಪನ ರಸಗೊಬ್ಬರದ ಅಂಗಡಿ ನೋಡ್ಕೊಂಡಿದ್ದಾನೆ. ಅವನ ಬಗ್ಗೆ ಮಾತಾಡುವಾಗ "ಪಾಪ, ಅವನಿಗೆ ಓದು ಹತ್ತಲಿಲ್ಲ" ಅಂತಾರೆ. ಅವನು ಫೇಲಾದ್ರೆ "ಅವನು". ನಮ್ಮ ಹುಡುಗ ಫೇಲಾದ್ರೆ "ಇವ್ರು".

ನಾನು ವಾದ ಮಾಡಲಿಲ್ಲ, ಟೀ ದುಡ್ಡು ಕೊಟ್ಟು ಬಂದೆ. ಆದ್ರೆ ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ದಾರಿ ಒಬ್ಬ ಬೇಸ್‌ಬಾಲ್ ಆಟಗಾರ ತಲೆಯೊಳಗೆ ಕೂತಿದ್ದ. ಡ್ಯಾನ್ ಬ್ಯಾಂಕ್‌ಹೆಡ್ ಅಂತ ಅವನ ಹೆಸರು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆದ ಮೊದಲ ಕಪ್ಪು ಪಿಚರ್. ಅವನ ಕತೆ ನಮ್ಮವರಿಗೆ ಗೊತ್ತಾಗಬೇಕು ಅಂತ ಈ ಪೋಸ್ಟ್.

ಮೊದಲು ಒಂಚೂರು ಹಿನ್ನೆಲೆ.

ಜಾಕಿ ರಾಬಿನ್ಸನ್ ಹೆಸರು ನೀವು ಕೇಳಿರ್ತೀರಿ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಮೈದಾನಕ್ಕಿಳಿದ. ಅಲ್ಲಿಯ ತನಕ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಜರ್ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಹಾಗಂತ ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ನಮ್ಮೂರಿನ ಬಾವಿ ಕಟ್ಟೆ ಮೇಲೆ ಬೋರ್ಡ್ ಹಾಕಿರ್ತಾರಾ? ಇಲ್ಲ. ಎಲ್ಲರಿಗೂ ಗೊತ್ತಿರುತ್ತೆ ಅಷ್ಟೇ. ಅದೇ ಥರ. 1887ರಲ್ಲಿ ನೂವಾರ್ಕ್ ತಂಡದಲ್ಲಿ ಜಾರ್ಜ್ ಸ್ಟೋವಿ ಅನ್ನೋ ಕಪ್ಪು ಪಿಚರ್ ಇದ್ದ. ಆ ಒಂದೇ ವರ್ಷ 30ಕ್ಕೂ ಹೆಚ್ಚು ಪಂದ್ಯ ಗೆದ್ದುಕೊಟ್ಟಿದ್ದ. ಚಿಕಾಗೊ ತಂಡದ ಕ್ಯಾಪ್ ಆನ್ಸನ್ ಅನ್ನೋ ಸ್ಟಾರ್ ಆಟಗಾರ ಸ್ಟೋವಿ ಇದ್ರೆ ತಾನು ಆಡಲ್ಲ ಅಂದ. ಅದೇ ದಿನ ಆ ಲೀಗ್‌ನ ಮಾಲೀಕರು ಸಭೆ ಸೇರಿ ಇನ್ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಒಪ್ಪಂದ ಬೇಡ ಅಂತ ಮತ ಹಾಕಿದರು. ಆಮೇಲೆ ಬಾಗಿಲು ಮುಚ್ಚಿತು. ಕಪ್ಪು ಜನ ತಮ್ಮದೇ ತಂಡ, ತಮ್ಮದೇ ಲೀಗ್ ಕಟ್ಟಿಕೊಂಡರು. ನೀಗ್ರೋ ಲೀಗ್ ಅಂತ ಆ ಕಾಲದಲ್ಲಿ ಅದರ ಹೆಸರು.

ಡ್ಯಾನ್ ಬ್ಯಾಂಕ್‌ಹೆಡ್ ಬೆಳೆದಿದ್ದು ಆ ಲೀಗ್‌ನಲ್ಲಿ. ಹುಟ್ಟಿದ್ದು 1920ರ ಮೇ 3ರಂದು, ಅಲಬಾಮಾ ರಾಜ್ಯದ ಎಂಪೈರ್ ಅನ್ನೋ ಊರಲ್ಲಿ. ಕಲ್ಲಿದ್ದಲು ಗಣಿಗಳ ಸೀಮೆ. ಅವರು ಐದು ಜನ ಅಣ್ಣತಮ್ಮಂದಿರು, ಐವರೂ ನೀಗ್ರೋ ಲೀಗ್‌ನಲ್ಲಿ ಆಡಿದವರು. ಎರಡನೇ ಮಹಾಯುದ್ಧದ ಟೈಮಲ್ಲಿ ಡ್ಯಾನ್ ಮರೀನ್ ದಳ ಸೇರಿದ. ಕಪ್ಪು ಸೈನಿಕರಿಗೆ ಅಲ್ಲೂ ಬೇರೆಯೇ ಕ್ಯಾಂಪು, ಮಾಂಟ್‌ಫರ್ಡ್ ಪಾಯಿಂಟ್ ಅಂತ. ದೇಶಕ್ಕೋಸ್ಕರ ಸಾಯಬಹುದು, ಪಕ್ಕದಲ್ಲಿ ಮಲಗೋ ಹಾಗಿಲ್ಲ. ಯುದ್ಧ ಮುಗಿದ ಮೇಲೆ ಮೆಂಫಿಸ್ ರೆಡ್ ಸಾಕ್ಸ್ ತಂಡದಲ್ಲಿ ಆಡ್ತಿದ್ದ. ಬಲಗೈ ಪಿಚರ್, ಭಯಂಕರ ವೇಗ. ಆಲ್ ಸ್ಟಾರ್ ಪಂದ್ಯಗಳಿಗೆ ಆಯ್ಕೆ ಆಗುವಷ್ಟು ಒಳ್ಳೇ ಆಟಗಾರ.

1947ರ ಆಗಸ್ಟ್ ಹೊತ್ತಿಗೆ ಡಾಡ್ಜರ್ಸ್ ತಂಡ ಲೀಗ್ ಗೆಲ್ಲೋ ಸ್ಥಿತೀಲಿತ್ತು, ಆದ್ರೆ ಪಿಚರ್‌ಗಳ ಕೊರತೆ. ತಂಡದ ಯಜಮಾನಿಕೆ ನೋಡ್ತಿದ್ದ ಬ್ರಾಂಚ್ ರಿಕಿ 15,000 ಡಾಲರ್ ಕೊಟ್ಟು ಮೆಂಫಿಸ್‌ನಿಂದ ಬ್ಯಾಂಕ್‌ಹೆಡ್‌ನ ಒಪ್ಪಂದ ಖರೀದಿಸಿದ. ರಾಬಿನ್ಸನ್‌ಗೆ ಮೊದಲು ಒಂದು ವರ್ಷ ಕೆನಡಾದ ಮಾಂಟ್ರಿಯಲ್ ತಂಡದಲ್ಲಿ ಆಡಿಸಿ, ತಯಾರು ಮಾಡಿ, ಆಮೇಲೆ ಮೇಲಕ್ಕೆ ತಂದಿದ್ದರು. ಬ್ಯಾಂಕ್‌ಹೆಡ್‌ಗೆ ಆ ಭಾಗ್ಯ ಇರಲಿಲ್ಲ. ಕೆಲವೇ ದಿನಗಳಲ್ಲಿ ಮೆಂಫಿಸ್‌ನಿಂದ ಸೀದಾ ಬ್ರೂಕ್ಲಿನ್.

1947ರ ಆಗಸ್ಟ್ 26. ನಮಗೆ ಸ್ವಾತಂತ್ರ್ಯ ಬಂದು ಹನ್ನೊಂದು ದಿನ ಆಗಿತ್ತು. ಮೂರು ದಿನ ಕಳೆದ ಮೇಲೆ ನಮ್ಮ ಸಂವಿಧಾನದ ಕರಡು ಸಮಿತಿ ರಚನೆಯಾಯಿತು, ಬಾಬಾಸಾಹೇಬರು ಅದರ ಅಧ್ಯಕ್ಷರಾದರು. ಆ ದಿನ ಬ್ರೂಕ್ಲಿನ್‌ನ ಎಬ್ಬೆಟ್ಸ್ ಫೀಲ್ಡ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ವಿರುದ್ಧ ಪಂದ್ಯ. ಎರಡನೇ ಇನ್ನಿಂಗ್ಸ್‌ನಲ್ಲೇ ಡಾಡ್ಜರ್ಸ್ ಪಿಚರ್ ಹೊಡೆಸಿಕೊಂಡು ಸುಸ್ತಾದ. ಅವನ ಜಾಗಕ್ಕೆ 27 ವರ್ಷದ ಬ್ಯಾಂಕ್‌ಹೆಡ್‌ನ ಕರೆದರು.

ಆಮೇಲೆ ಏನಾಯ್ತು? ಬ್ಯಾಟ್ ಹಿಡಿದ ಮೊದಲ ಸಲವೇ ಹೋಮ್ ರನ್ ಹೊಡೆದ! ಕ್ರಿಕೆಟ್‌ನಲ್ಲಿ ಬೌಲರ್ ಒಬ್ಬ ಚೊಚ್ಚಲ ಪಂದ್ಯದಲ್ಲಿ ಕ್ರೀಸಿಗೆ ಬಂದವನೇ ಸಿಕ್ಸರ್ ಎತ್ತಿದ ಹಾಗೆ. ಆದ್ರೆ ಅವನು ಬಂದಿದ್ದು ಬ್ಯಾಟ್ ಬೀಸೋಕಲ್ಲ, ಚೆಂಡು ಎಸೆಯೋಕೆ. ಆ ಕೆಲಸದಲ್ಲಿ ಹತ್ತು ಹಿಟ್ ಕೊಟ್ಟ. ಮೂರೂ ಚಿಲ್ಲರೆ ಇನ್ನಿಂಗ್ಸ್ ಅಷ್ಟೇ, ಹೊರಗೆ ಕರೆದರು. ಡಾಡ್ಜರ್ಸ್ 16-3ರಲ್ಲಿ ಸೋತಿತು.

ಆ ವರ್ಷ ಒಟ್ಟು ನಾಲ್ಕೇ ಪಂದ್ಯದಲ್ಲಿ ಚೆಂಡು ಎಸೆದ. 1948, 1949 ಎರಡು ವರ್ಷ ಕೆಳಗಿನ ಲೀಗ್‌ಗೆ ಕಳಿಸಿದರು. 1950ರಲ್ಲಿ ವಾಪಸ್ ಬಂದು 41 ಪಂದ್ಯ, 9 ಗೆಲುವು, 4 ಸೋಲು. 1951ರಲ್ಲಿ ಏಳು ಪಂದ್ಯ. ಅಷ್ಟಕ್ಕೆ ಮುಗೀತು. ಒಟ್ಟು 52 ಪಂದ್ಯ, 9 ಗೆಲುವು, 5 ಸೋಲು, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 6.52 ರನ್. ಮೂರು, ಮೂರೂವರೆ ಇದ್ರೆ ಒಳ್ಳೇ ಪಿಚರ್ ಅಂತಾರೆ. ಆರೂವರೆ ಅಂದ್ರೆ ಸೋತ ಪಿಚರ್.

ಈ ಅಂಕಿ ಮಾತ್ರ ನೋಡಿದವರು ಏನಂತಾರೆ? "ಚಾನ್ಸ್ ಕೊಟ್ಟರು, ಉಳಿಸಿಕೊಳ್ಳಲಿಲ್ಲ." ನಮ್ಮೂರ ಟೀ ಅಂಗಡಿಯ ಮಾತೇ, ಬೇರೆ ಭಾಷೇಲಿ.

ಈಗ ಇನ್ನೊಂದು ವಿಷಯ ಹೇಳ್ತೀನಿ. ಈ ಪೋಸ್ಟ್ ಬರೆಯೋಕೆ ಅದೇ ಕಾರಣ.

ಬೇಸ್‌ಬಾಲ್‌ನಲ್ಲಿ ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ. ಆದ್ರೆ ಚೆಂಡು ನೆಲಕ್ಕೆ ಬೀಳೋದಿಲ್ಲ, ಗಾಳಿಯಲ್ಲೇ ಸೀದಾ ಬ್ಯಾಟ್ಸ್‌ಮನ್ ಹತ್ರ ಬರುತ್ತೆ. ನಮ್ಮ ಪಿಚ್ 66 ಅಡಿ, ಅವರದ್ದು 60 ಅಡಿ 6 ಇಂಚು. ಆ ಕಾಲದಲ್ಲಿ ತಲೆಗೆ ಹೆಲ್ಮೆಟ್ ಹಾಕೋ ಕಡ್ಡಾಯ ಇರಲಿಲ್ಲ. 1920ರಲ್ಲಿ ರೇ ಚಾಪ್‌ಮನ್ ಅನ್ನೋ ಆಟಗಾರನ ತಲೆಗೆ ಚೆಂಡು ಬಿದ್ದು ಅವನು ಸತ್ತೇಹೋದ. ಚೆಂಡು ಎಸೆದ ಕಾರ್ಲ್ ಮೇಸ್‌ಗೆ ಏನಾಯ್ತು? ಕೇಸಿಲ್ಲ, ನಿಷೇಧ ಇಲ್ಲ. ಜನ ಒಂದಷ್ಟು ಬೈದರು. ಅವನು 1929ರ ತನಕ ಆಡಿದ, 200ಕ್ಕೂ ಹೆಚ್ಚು ಪಂದ್ಯ ಗೆದ್ದ. ಮೇಸ್ ಬಿಳಿಯ, ಸತ್ತವನೂ ಬಿಳಿಯ.

ಪಿಚರ್‌ನ ಕಸುಬಿನಲ್ಲಿ ಒಂದು ಮುಖ್ಯ ಅಸ್ತ್ರ ಇದೆ. ಚೆಂಡನ್ನ ಬ್ಯಾಟ್ಸ್‌ಮನ್ ಮೈ ಹತ್ತಿರಕ್ಕೆ ಎಸೆಯೋದು. ನಮ್ಮಲ್ಲಿ ಬೌನ್ಸರ್ ಇದ್ದಂಗೆ. ಅವನು ಬೆಚ್ಚಿ ಹಿಂದೆ ಸರಿಯಬೇಕು, ಮುಂದಿನ ಚೆಂಡಿಗೆ ಕಾಲು ಮುಂದಿಡೋಕೆ ಹೆದರಬೇಕು. ಹಾಗೆ ಎಸೆಯದ ಪಿಚರ್‌ನ ಎದುರು ಬ್ಯಾಟ್ಸ್‌ಮನ್ ಆರಾಮಾಗಿ ನಿಂತ್ಕೊಂಡು ಹೊಡೀತಾನೆ. ಹಾಗೆ ಎಸೆದಾಗ ಆಗೊಮ್ಮೆ ಈಗೊಮ್ಮೆ ಚೆಂಡು ಮೈಗೆ ಬೀಳುತ್ತೆ. ಅದು ಆಟದ ಭಾಗ.

ಈಗ ಯೋಚನೆ ಮಾಡಿ. 1947. ಅಲಬಾಮಾದಿಂದ ಬಂದ ಕಪ್ಪು ಮನುಷ್ಯ. ಅವನ ಕೈಲಿ ಚೆಂಡು. ಎದುರಿಗೆ ನಿಂತಿರೋನು ಬಿಳಿಯ. ಸುತ್ತ ಸಾವಿರಾರು ಜನ. ಅವನು ಆ ಬಿಳಿಯನ ಮೈ ಹತ್ತಿರಕ್ಕೆ, ಎದೆ ಹತ್ತಿರಕ್ಕೆ, ಪೂರ್ತಿ ಜೋರಾಗಿ ಎಸೀಬೇಕು!

ಬಕ್ ಓ'ನೀಲ್ ಅಂತ ನೀಗ್ರೋ ಲೀಗ್‌ನ ದೊಡ್ಡ ಆಟಗಾರ, ಆಮೇಲೆ ಮೇಜರ್ ಲೀಗ್‌ನ ಮೊದಲ ಕಪ್ಪು ಕೋಚ್ ಆದವರು. ತಮ್ಮ ಇಳಿವಯಸ್ಸಿನಲ್ಲಿ ಅವರು ಬ್ಯಾಂಕ್‌ಹೆಡ್ ಬಗ್ಗೆ ತಾವು ಕೇಳಿದ್ದನ್ನ ಹೇಳಿದ್ದಾರೆ. ಡ್ಯಾನ್‌ಗೆ ಇದ್ದಿದ್ದು ಒಂದೇ ಭಯವಂತೆ: ನನ್ನ ಚೆಂಡು ಒಬ್ಬ ಬಿಳಿ ಹುಡುಗನ ಮೈಗೆ ಬಿದ್ದರೆ? ದಂಗೆ ಏಳುತ್ತೇನೋ ಅಂತ. ದಕ್ಷಿಣದಲ್ಲಿ ಕಪ್ಪು ಜನರನ್ನ ಮರಕ್ಕೆ ನೇತುಹಾಕಿ ಕೊಲ್ಲೋದನ್ನ ಕಂಡು ಬೆಳೆದವನು ಅವನು. ಬ್ರೂಕ್ಲಿನ್‌ಗೆ ಬಂದರೂ ಅವನೊಳಗಿನ ಅಲಬಾಮಾ ಹೋಗಲೇ ಇಲ್ಲ ಅನ್ನೋದು ಓ'ನೀಲ್ ಮಾತಿನ ಸಾರ.

ಈ ಭಯ ಎಲ್ಲಿಂದ ಬಂತು ಅಂತ ಕೇಳಬೇಕಾ? 1931ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿ, ದಿನಗಳೊಳಗೆ ವಿಚಾರಣೆ ಮುಗಿಸಿ, ಎಂಟು ಜನಕ್ಕೆ ಮರಣದಂಡನೆ ಬರೆದರು. ದೊಡ್ಡ ಹೋರಾಟ ಆಗಿದ್ದಕ್ಕೆ ಜೀವ ಉಳೀತು, ಆದ್ರೆ ಎಷ್ಟೋ ವರ್ಷ ಜೈಲಲ್ಲಿ ಕೊಳೆತರು. ಆಗ ಡ್ಯಾನ್‌ಗೆ ಹತ್ತು ಹನ್ನೊಂದು ವರ್ಷ. ಅಂಥ ಊರಲ್ಲಿ ಅಮ್ಮಂದಿರು ಮಕ್ಕಳಿಗೆ ಮೊದಲು ಕಲಿಸೋ ಪಾಠ ಯಾವುದು? ಅವರ ತಂಟೆಗೆ ಹೋಗಬೇಡ. ಕಣ್ಣೆತ್ತಿ ನೋಡಬೇಡ. ಮೈ ತಾಗದಂಗೆ ನಡಿ.

ನಮ್ಮವ್ವಂದಿರೂ ಅದನ್ನೇ ಕಲಿಸಿದ್ದು. ಅದು ಹೇಡಿತನ ಅಲ್ಲ, ಮಕ್ಕಳು ಜೀವಂತ ಮನೆಗೆ ಬರಲಿ ಅಂತ ಕಲಿಸಿದ ಪಾಠ. ನನಗಿನ್ನೂ ನೆನಪಿದೆ, ಹೈಸ್ಕೂಲಲ್ಲಿ ಕ್ರಿಕೆಟ್ ಆಡುವಾಗ ನಾನು ಹಾಕಿದ ಬಾಲು ಒಬ್ಬ ದೊಡ್ಡ ಮನೆ ಹುಡುಗನ ಬಾಯಿಗೆ ಬಡಿದು ರಕ್ತ ಬಂತು. ಅವನು ಏನೂ ಅನ್ನಲಿಲ್ಲ, ಬಾಯಿ ತೊಳ್ಕೊಂಡು ಮತ್ತೆ ಬ್ಯಾಟಿಂಗಿಗೆ ಬಂದ. ಆದ್ರೆ ಸಂಜೆ ಅಪ್ಪ ನನ್ನ ಕರ್ಕೊಂಡು ಅವರ ಮನೆ ಅಂಗಳದ ಆಚೆ ನಿಂತು ಕೈಮುಗಿದು ಬಂದ. ಯಾರೂ ಕರೆಸಿರಲಿಲ್ಲ, ಅವನೇ ಹೋದ. ಅದಾದ ಮೇಲೆ ನಾನು ಜೋರಾಗಿ ಬೌಲಿಂಗ್ ಹಾಕಿದ್ದೇ ಇಲ್ಲ. ಸ್ಪಿನ್ ಹಾಕ್ತಿದ್ದೆ. "ಯಾಕೋ, ವೇಗ ಹೋಯ್ತಾ?" ಅಂತ ಪಿಟಿ ಮೇಷ್ಟ್ರು ಕೇಳ್ತಿದ್ರು. ಏನಂತ ಹೇಳೋದು?

ಬ್ಯಾಂಕ್‌ಹೆಡ್ ಕತೆ ಓದಿದಾಗ ನನಗೆ ಅಪ್ಪನ ಆ ಮುಗಿದ ಕೈ ನೆನಪಾಯ್ತು.

ರಾಬಿನ್ಸನ್‌ಗೂ ಬ್ಯಾಂಕ್‌ಹೆಡ್‌ಗೂ ಇರೋ ವ್ಯತ್ಯಾಸ ಇಲ್ಲಿದೆ. ರಾಬಿನ್ಸನ್‌ನ ತಂಡಕ್ಕೆ ತಗೊಳ್ಳುವಾಗ ರಿಕಿ ಹಾಕಿದ ಷರತ್ತು ಏನು? ಬೈದರೂ, ಉಗಿದರೂ, ಹೊಡೆದರೂ ತಿರುಗಿಸಿ ಹೊಡೀಬಾರದು ಅಂತ. ರಾಬಿನ್ಸನ್ ಅದನ್ನ ನುಂಗಿಕೊಂಡ. ಬೇರೆ ತಂಡದ ಬಿಳಿ ಪಿಚರ್‌ಗಳು ಅವನ ಮೈಗೆ ಚೆಂಡು ಎಸೆದರು, ಅವನು ತಡ್ಕೊಂಡ. ಅದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ, ಅವನನ್ನ ನಾನು ಸಣ್ಣದು ಮಾಡ್ತಿಲ್ಲ. ಆದ್ರೆ ತಡ್ಕೊಳ್ಳೋ ಕಪ್ಪು ಮನುಷ್ಯನನ್ನ ನೋಡಿ ಅಮೆರಿಕಕ್ಕೆ ಅಭ್ಯಾಸ ಇತ್ತು. ಪಿಚರ್ ತಡ್ಕೊಳ್ಳೋನಲ್ಲ, ಎಸೆಯೋನು. ಬೆದರಿಸೋದೇ ಅವನ ಕೆಲಸ. ಬಿಳಿಯನನ್ನ ಬೆದರಿಸೋ ಕೆಲಸಕ್ಕೆ ಸಂಬಳ ಕೊಟ್ಟು ನೇಮಿಸಿದ ಮೊದಲ ಕಪ್ಪು ಮನುಷ್ಯ ಡ್ಯಾನ್ ಬ್ಯಾಂಕ್‌ಹೆಡ್. ಆ ಕೆಲಸ ಮಾಡಿದರೆ ಏನಾಗುತ್ತೆ ಅಂತ ಇಡೀ ಬಾಲ್ಯ ಅವನಿಗೆ ಕಲಿಸಿತ್ತು.

ವಿಪರ್ಯಾಸ ನೋಡಿ. ಆ ಮೊದಲ ದಿನವೇ ಅವನು ಯಾವುದಕ್ಕೆ ಹೆದರಿದ್ದನೋ ಅದು ಆಯ್ತು. ಅವನ ಚೆಂಡು ಪಿಟ್ಸ್‌ಬರ್ಗ್‌ನ ವಾಲಿ ವೆಸ್ಟ್‌ಲೇಕ್ ಅನ್ನೋ ಬಿಳಿ ಆಟಗಾರನಿಗೆ ಬಡೀತು. ಯಾವ ದಂಗೆನೂ ಆಗಲಿಲ್ಲ. ವೆಸ್ಟ್‌ಲೇಕ್ ನಿಯಮದ ಪ್ರಕಾರ ಮೊದಲ ಬೇಸ್‌ಗೆ ಹೋದ, ಆಟ ಮುಂದುವರೀತು. ಆದ್ರೆ ಒಂದು ಸಲ ಏನೂ ಆಗಲಿಲ್ಲ ಅಂತ ಭಯ ಹೋಗುತ್ತಾ? ನನ್ನ ಬಾಲು ತಗಲಿದಾಗಲೂ ಏನೂ ಆಗಿರಲಿಲ್ಲ. ಅಪ್ಪ ಹೋಗಿ ಕೈಮುಗಿದ.

ಮೇಜರ್ ಲೀಗ್‌ನಲ್ಲಿ ಬ್ಯಾಂಕ್‌ಹೆಡ್ ಎಷ್ಟು ಜನರನ್ನ ಸ್ಟ್ರೈಕ್‌ಔಟ್ ಮಾಡಿದನೋ ಹೆಚ್ಚುಕಮ್ಮಿ ಅಷ್ಟೇ ಜನಕ್ಕೆ ವಾಕ್ ಕೊಟ್ಟಿದ್ದಾನೆ. ವಾಕ್ ಅಂದ್ರೆ ಚೆಂಡು ಗುರಿಯಿಂದ ನಾಲ್ಕು ಸಲ ಆಚೆ ಹೋದರೆ ಬ್ಯಾಟ್ಸ್‌ಮನ್‌ಗೆ ಪುಕ್ಕಟೆ ಬೇಸ್. ಅವನಿಗೆ ಕೈಯಲ್ಲಿ ಕಸುವು ಇರಲಿಲ್ವಾ? ಇತ್ತು. ಕೆಳಗಿನ ಲೀಗ್‌ಗೆ ಹಾಕಿದ್ರಲ್ಲ, 1948ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾ ತಂಡಕ್ಕೆ 20 ಗೆಲುವು, 6 ಸೋಲು. 1949ರಲ್ಲಿ ಮಾಂಟ್ರಿಯಲ್‌ನಲ್ಲಿ ಮತ್ತೆ 20 ಗೆಲುವು, 6 ಸೋಲು. ಅಲ್ಲೂ ಗುರಿ ತಪ್ಪುತ್ತಿತ್ತು, ಅದು ನಿಜ. ಕೆಳಗಿನ ಲೀಗ್‌ನಲ್ಲಿ ಬ್ಯಾಟ್ಸ್‌ಮನ್‌ಗಳೂ ಅಷ್ಟು ಗಟ್ಟಿ ಇರಲ್ಲ, ಅದೂ ನಿಜ. ಭಯ ಒಂದೇ ಅವನನ್ನ ಸೋಲಿಸಿತು ಅಂತ ನಾನು ಪ್ರಮಾಣ ಮಾಡಲ್ಲ. ಬಹುಶಃ ಭಯ ಇಲ್ಲದಿದ್ದರೂ ಅವನು ಸಾಧಾರಣ ಪಿಚರ್ರೇ ಆಗಿರ್ತಿದ್ದನೇನೋ.

ಸರಿ, ಆಗಿರಲಿ. ಮೇಜರ್ ಲೀಗ್‌ನಲ್ಲಿ ಸಾಧಾರಣ ಬಿಳಿ ಪಿಚರ್‌ಗಳು ಎಷ್ಟು ಸಾವಿರ ಜನ ಬಂದು ಹೋಗಿದ್ದಾರೆ! ಒಂದು ವರ್ಷ, ಎರಡು ವರ್ಷ ಆಡಿ, ಹೊಡೆಸಿಕೊಂಡು, ಊರಿಗೆ ಹೋಗಿ ಅಂಗಡಿ ಇಟ್ಟವರು. ಅವರಲ್ಲಿ ಒಬ್ಬನೂ "ಬಿಳಿಯರ ಕೈಲಿ ಪಿಚಿಂಗ್ ಆಗಲ್ಲ" ಅನ್ನೋದಕ್ಕೆ ಸಾಕ್ಷಿ ಆಗಲಿಲ್ಲ. ಸೋತರೆ ಅವರು ಅವರಷ್ಟೇ ಸೋತರು. ಬ್ಯಾಂಕ್‌ಹೆಡ್‌ಗೆ ಆ ಅನುಕೂಲ ಇರಲಿಲ್ಲ. ಒಂದೊಂದು ಚೆಂಡಿಗೂ ಒಂದು ಇಡೀ ಜನಾಂಗದ ಭಾರ.

ಅದೇ 1947ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ಅನ್ನೋ ತಂಡ ಜುಲೈನಲ್ಲಿ ಇಬ್ಬರು ಕಪ್ಪು ಆಟಗಾರರನ್ನ ತಗೊಂಡಿತ್ತು, ಹ್ಯಾಂಕ್ ಥಾಂಪ್ಸನ್ ಮತ್ತು ವಿಲಾರ್ಡ್ ಬ್ರೌನ್. ಬ್ರೌನ್ ಒಂದು ದಿನ ಅದೇ ತಂಡದ ಜೆಫ್ ಹೀತ್ ಅನ್ನೋ ಬಿಳಿ ಆಟಗಾರನ ಬ್ಯಾಟ್ ತಗೊಂಡು ಹೋಗಿ ಹೋಮ್ ರನ್ ಹೊಡೆದ. ಆ ಅಮೆರಿಕನ್ ಲೀಗ್‌ನಲ್ಲಿ ಕಪ್ಪು ಆಟಗಾರ ಹೊಡೆದ ಮೊದಲ ಹೋಮ್ ರನ್ ಅದು. ಹೀತ್ ಆ ಬ್ಯಾಟನ್ನ ಗೋಡೆಗೆ ಬಡಿದು ಮುರಿದುಹಾಕಿದ. ಅವನು ಮುಟ್ಟಿದ ಬ್ಯಾಟು ಇನ್ನು ತನಗೆ ಬೇಡ. ಇದಕ್ಕೆ ನಮ್ಮ ಭಾಷೇಲಿ ಏನಂತಾರೆ ಅಂತ ನಾನು ಹೇಳಬೇಕಾ? ಆಗಸ್ಟ್ ಮುಗಿಯೋದರೊಳಗೆ ಇಬ್ಬರನ್ನೂ ಕೈಬಿಟ್ಟರು. ಒಂದೇ ತಿಂಗಳ "ಅವಕಾಶ". ಇದೇ ಬ್ರೌನ್‌ನನ್ನ 2006ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅಷ್ಟೊತ್ತಿಗೆ ಅವನು ಸತ್ತು ಹತ್ತು ವರ್ಷ ಆಗಿತ್ತು.

ಇಂಥ ಕತೆ ನಮ್ಮಲ್ಲೂ ಇದೆ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ. ಚಮ್ಮಾರ ಸಮುದಾಯದ ಎಡಗೈ ಸ್ಪಿನ್ನರ್. ಪುಣೆಯ ಬಿಳಿಯರ ಕ್ಲಬ್‌ನಲ್ಲಿ ಪಿಚ್ ಉರುಳಿಸೋ ಕೆಲಸಕ್ಕೆ ಸೇರಿ, ನೆಟ್ಸ್‌ನಲ್ಲಿ ಸಾಹೇಬರಿಗೆ ಬೌಲಿಂಗ್ ಹಾಕ್ತಾ ಹಾಕ್ತಾ ಭಾರತದ ಮೊದಲ ದೊಡ್ಡ ಬೌಲರ್ ಆದ. ಮುಂದೆ ಹಿಂದೂಗಳ ತಂಡಕ್ಕೆ ಆಡುವಾಗ ಅವನು ಎಸೆದ ಚೆಂಡನ್ನ ಮೇಲ್ಜಾತಿಯವರು ಮುಟ್ಟಿ ಹಿಡಿಯುತ್ತಿದ್ದರು, ಆದ್ರೆ ಟೀ ವಿರಾಮದಲ್ಲಿ ಅವನಿಗೆ ಪೆವಿಲಿಯನ್ ಹೊರಗೆ ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ ಟೀ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದ. ಆದ್ರೂ ಕ್ಯಾಪ್ಟನ್ ಮಾಡಲಿಲ್ಲ. ಕೊನೆಗೆ ಅವನ ತಮ್ಮ ವಿಠ್ಠಲನಿಗೆ 1923ರಲ್ಲಿ ಆ ಪಟ್ಟ ಸಿಕ್ಕಿತು.

ಬಾಳೂ ಹೆಸರು ಹೇಳಿ ನಾವೆಲ್ಲ ಹೆಮ್ಮೆ ಪಡ್ತೀವಿ, ಪಡಬೇಕು. ಆದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ಬಾಳೂ ಆಗಲೇಬೇಕಿತ್ತಾ ತಂಡಕ್ಕೆ ಬರೋಕೆ? ಬಾಳೂಗಿಂತ ಸ್ವಲ್ಪ ಕಡಿಮೆ ಇದ್ದ, ಸುಮಾರಾಗಿ ಬೌಲಿಂಗ್ ಹಾಕ್ತಿದ್ದ ನಮ್ಮ ಹುಡುಗರು ಆಗ ಎಷ್ಟು ಜನ ಇದ್ದಿರಬಹುದು? ಅವರಿಗೆ ಪಿಚ್ ಉರುಳಿಸೋ ಕೆಲಸ ಮಾತ್ರ ಉಳೀತು. ಮೇಲ್ಜಾತಿಯ ಸುಮಾರು ಬೌಲರ್‌ಗೆ ತಂಡದಲ್ಲಿ ಜಾಗ ಇತ್ತು. ನಮ್ಮವನು ಅದ್ಭುತ ಆಗಿದ್ದರೆ ಮಾತ್ರ ಒಳಗೆ, ಅದೂ ಬೇರೆ ಕುಡಿಕೆಯ ಜೊತೆ.

"ಮೆರಿಟ್ ಇದ್ದರೆ ಯಾರೂ ತಡೆಯಲ್ಲ" ಅನ್ನೋರಿಗೆ ನನ್ನ ಉತ್ತರ ಇಷ್ಟೇ. ನೀವು ಅಳೀತಿರೋ ಮೆರಿಟ್‌ನಲ್ಲಿ ಭಯದ ಲೆಕ್ಕ ಇಲ್ಲ. ಆರೂವರೆ ರನ್ ಅನ್ನೋದು ಸ್ಕೋರ್ ಪುಸ್ತಕದಲ್ಲಿದೆ. ಮೈದಾನದಲ್ಲಿ ನಿಂತಾಗ ಅಲಬಾಮಾ ಮರಗಳು ಅವನ ಕಣ್ಣ ಮುಂದೆ ಬಂದಿದ್ದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಹುಡುಗನ ನಾಲ್ಕು ಸಬ್ಜೆಕ್ಟ್ ಮಾರ್ಕ್ಸ್ ಕಾರ್ಡಿನಲ್ಲಿದೆ. ಮೊದಲ ದಿನವೇ ರ‍್ಯಾಂಕ್ ಎಷ್ಟು ಅಂತ ಕೇಳಿ ನಕ್ಕಿದ್ದು, ಡೌಟ್ ಕೇಳೋಕೆ ಕೈ ಎತ್ತಿದರೆ "ಇದೂ ಗೊತ್ತಿಲ್ವಾ" ಅಂದಾರು ಅಂತ ಒಂದೂವರೆ ವರ್ಷ ಕೈಯನ್ನೇ ಎತ್ತದೆ ಕೂತಿದ್ದು ಕಾರ್ಡಿನಲ್ಲಿಲ್ಲ.

ಬ್ಯಾಂಕ್‌ಹೆಡ್ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಘಳಿಗೆ ಇದೆ. 1947ರ ವರ್ಲ್ಡ್ ಸೀರೀಸ್, ಯಾಂಕೀಸ್ ವಿರುದ್ಧ ಆರನೇ ಪಂದ್ಯ. ಡಾಡ್ಜರ್ಸ್‌ನ ಬಾಬಿ ಬ್ರಾಗನ್ ಅನ್ನೋ ಆಟಗಾರ ಡಬಲ್ ಹೊಡೆದು ಎರಡನೇ ಬೇಸ್‌ಗೆ ಬಂದ. ಈ ಬ್ರಾಗನ್ ಯಾರು ಗೊತ್ತಾ? ಅವನೂ ಅಲಬಾಮಾದವನೇ, ಬರ್ಮಿಂಗ್‌ಹ್ಯಾಮ್ ಊರಿನವನು. ಆ ವರ್ಷದ ಶುರುವಿನಲ್ಲಿ ರಾಬಿನ್ಸನ್ ಜೊತೆ ಆಡೋಕಾಗಲ್ಲ, ನನ್ನನ್ನ ಬೇರೆ ತಂಡಕ್ಕೆ ಮಾರಿಬಿಡಿ ಅಂತ ರಿಕಿಗೆ ಹೇಳಿದ್ದವರಲ್ಲಿ ಒಬ್ಬ. ಅವನ ಬದಲಿಗೆ ಓಡೋಕೆ ಯಾರನ್ನ ಕಳಿಸಿದರು? ಡ್ಯಾನ್ ಬ್ಯಾಂಕ್‌ಹೆಡ್‌ನ. ಒಂದೇ ಸೀಮೆಯ ಬಿಳಿಯನ ಜಾಗದಲ್ಲಿ ಕರಿಯ ನಿಂತ, ಓಡಿದ, ಪೀ ವೀ ರೀಸ್ ಹೊಡೆದ ಹೊಡೆತಕ್ಕೆ ಮನೆ ಮುಟ್ಟಿ ರನ್ ಗಳಿಸಿದ. ಡಾಡ್ಜರ್ಸ್ ಆ ಪಂದ್ಯ 8-6ರಲ್ಲಿ ಗೆದ್ದಿತು. ಸರಣಿ ಮಾತ್ರ ಏಳನೇ ಪಂದ್ಯದಲ್ಲಿ ಹೋಯ್ತು. ರಾಬಿನ್ಸನ್ ಜೊತೆ ಒಂದು ವರ್ಷ ಕಳೆದು ಬ್ರಾಗನ್ ಬದಲಾದ. ತಾನು ತಪ್ಪು ಮಾಡಿದ್ದೆ ಅಂತ ಮುಂದೆ ಬಾಯಿಬಿಟ್ಟೇ ಹೇಳಿದ. ಜನ ಬದಲಾಗ್ತಾರೆ. ಆದ್ರೆ ಅವರು ಬದಲಾಗೋ ತನಕ ಸಹಿಸಿಕೊಂಡು ಕೂರಬೇಕಾದವರು ಯಾವಾಗ್ಲೂ ನಾವೇ ಯಾಕೆ?

1951ರ ನಂತರ ಬ್ಯಾಂಕ್‌ಹೆಡ್ ಆಟ ಬಿಡಲಿಲ್ಲ. ಮೆಕ್ಸಿಕೊಗೆ ಹೋದ. ಅಲ್ಲಿನ ಲೀಗ್‌ಗಳಲ್ಲಿ 1966ರ ತನಕ ಆಡಿದ. ಅಂದ್ರೆ 46 ವರ್ಷದ ತನಕ! ಮೇಜರ್ ಲೀಗ್‌ನಲ್ಲಿ "ಸೋತ" ಮನುಷ್ಯನಿಗೆ ಆಟದ ಮೇಲಿದ್ದ ಪ್ರೀತಿ ನೋಡಿ. 1976ರ ಮೇ 2ರಂದು, ತನ್ನ 56ನೇ ಹುಟ್ಟುಹಬ್ಬದ ಹಿಂದಿನ ದಿನ, ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ.

ಅವನ ದೊಡ್ಡಣ್ಣ ಸ್ಯಾಮ್ ಬ್ಯಾಂಕ್‌ಹೆಡ್ ಐವರಲ್ಲೇ ದೊಡ್ಡ ಆಟಗಾರ ಅಂತ ತುಂಬಾ ಜನ ಹೇಳ್ತಾರೆ. ಬಾಗಿಲು ತೆರೆಯೋ ಹೊತ್ತಿಗೆ ಅವನಿಗೆ ವಯಸ್ಸಾಗಿತ್ತು. ಕೊನೆಗೆ ಪಿಟ್ಸ್‌ಬರ್ಗ್ ನಗರದಲ್ಲಿ ಕಸ ಎತ್ತೋ ಕೆಲಸಕ್ಕೆ ಸೇರಿದ. ಅವನೂ ಸತ್ತಿದ್ದು 1976ರಲ್ಲೇ. ಕಸದ ಗಾಡಿ ಹಿಂದೆ ಹೋಗ್ತಿರೋ ನಮ್ಮ ಪೌರಕಾರ್ಮಿಕರಲ್ಲಿ ಎಷ್ಟು ಜನ ಏನೇನು ಆಗಬಹುದಾಗಿತ್ತೋ, ನಮಗೇನು ಗೊತ್ತು?

ಬ್ಯಾಂಕ್‌ಹೆಡ್ ಬಂದ ಮೇಲೆ 1948ರಲ್ಲಿ ಸ್ಯಾಚೆಲ್ ಪೇಜ್ 42ನೇ ವಯಸ್ಸಿಗೆ ಮೇಜರ್ ಲೀಗ್‌ಗೆ ಬಂದ. 1949ರಲ್ಲಿ ಡಾನ್ ನ್ಯೂಕೂಂಬ್ ಬಂದು ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ತಗೊಂಡ. 1968ರಲ್ಲಿ ಬಾಬ್ ಗಿಬ್ಸನ್ ಅನ್ನೋ ಕಪ್ಪು ಪಿಚರ್ ಇಡೀ ವರ್ಷ ಸರಾಸರಿ 1.12 ರನ್ ಮಾತ್ರ ಕೊಟ್ಟ. ಗಿಬ್ಸನ್‌ನ ಹೆಸರು ಕೇಳಿದರೆ ಬ್ಯಾಟ್ಸ್‌ಮನ್‌ಗಳಿಗೆ ನಡುಕ, ಮೈಗೆ ಎಸೆಯೋಕೆ ಅವನು ಹಿಂದೆಮುಂದೆ ನೋಡ್ತಿರಲಿಲ್ಲ. ಆ ವರ್ಷ ಎಲ್ಲ ಕಡೆ ಪಿಚರ್‌ಗಳದೇ ಮೇಲುಗೈ ಆಗಿ, ಪಿಚರ್ ನಿಲ್ಲೋ ಮಣ್ಣಿನ ದಿಬ್ಬವನ್ನ 15 ಇಂಚಿನಿಂದ 10 ಇಂಚಿಗೆ ಇಳಿಸಬೇಕಾಯ್ತು! ಬ್ಯಾಂಕ್‌ಹೆಡ್‌ಗೂ ಗಿಬ್ಸನ್‌ಗೂ ನಡುವೆ 21 ವರ್ಷ. ಆ 21 ವರ್ಷದಲ್ಲಿ ಬದಲಾಗಿದ್ದು ಕಪ್ಪು ಕೈಗಳ ಕಸುವಲ್ಲ. ಎಸೆದ ಮೇಲೆ ಜೀವಂತ ಮನೆಗೆ ಹೋಗ್ತೀನಿ ಅನ್ನೋ ನಂಬಿಕೆ.

2020ರಲ್ಲಿ ಮೇಜರ್ ಲೀಗ್‌ನವರು ಹಳೇ ನೀಗ್ರೋ ಲೀಗ್‌ಗಳಿಗೂ ಮೇಜರ್ ಲೀಗ್ ದರ್ಜೆ ಇತ್ತು ಅಂತ ಒಪ್ಪಿಕೊಂಡರು. 2024ರಲ್ಲಿ ಆ ಅಂಕಿಅಂಶಗಳನ್ನ ಅಧಿಕೃತ ದಾಖಲೆಗೆ ಸೇರಿಸಿದರು. ಒಳ್ಳೇದೇ. ಕಡೇಪಕ್ಷ ಬ್ಯಾಂಕ್‌ಹೆಡ್ ಅಂದ್ರೆ ಆ 52 ಪಂದ್ಯ ಮಾತ್ರ ಅಲ್ಲ ಅಂತ ಕಾಗದದ ಮೇಲೆ ಬಂತು. ಅವನು ಸತ್ತು ಸುಮಾರು ಅರ್ಧ ಶತಮಾನ ಆದಮೇಲೆ.

ನಾವು "ಮೊದಲಿಗರ" ಫ್ಲೆಕ್ಸ್ ಹಾಕ್ತೀವಿ. ಮೊದಲ ಡಾಕ್ಟ್ರು, ಮೊದಲ ಎಂಜಿನಿಯರ್ರು, ಮೊದಲ ಕೆಎಎಸ್ ಆಫೀಸರ್ರು. ಹಾಕೋಣ, ಬೇಡ ಅನ್ನಲ್ಲ. ಆದ್ರೆ ಆ ಫ್ಲೆಕ್ಸ್‌ನ ಭಾರನೂ ಆ ಮಕ್ಕಳ ತಲೆ ಮೇಲೆ ಬೀಳುತ್ತೆ. ಮೊದಲು ಹೋದವನಿಗೆ ದಾರಿ ತೋರಿಸೋಕೆ ಮುಂದೆ ಯಾರೂ ಇರಲ್ಲ, ಹಿಂದೆ ಮಾತ್ರ ಇಡೀ ಕೇರಿ ನೋಡ್ತಿರುತ್ತೆ. ಅವನು ಗೆದ್ದರೆ "ನಮ್ಮವನು" ಅಂತೀವಿ. ಸೋತು ಬಂದಾಗ? ಬೇರೆಯವರ ಮಾತು ಬಿಡಿ, ನಾವೇ ಮುಖ ತಿರುಗಿಸ್ತೀವಿ. "ಮರ್ಯಾದೆ ತೆಗೆದ" ಅಂತೀವಿ.

ನನಗೆ ಸಮಾನತೆ ಅಂದ್ರೆ ನಮ್ಮಲ್ಲೊಬ್ಬ ರಾಬಿನ್ಸನ್ ಹುಟ್ಟೋದು ಮಾತ್ರ ಅಲ್ಲ. ನಮ್ಮ ಸಾಧಾರಣ ಹುಡುಗನೂ ಹೋಗಿ, ಸಾಧಾರಣವಾಗಿ ಆಡಿ, ಬೇಕಾದರೆ ಸೋತು, ಅದು ಅವನೊಬ್ಬನ ಸೋಲಾಗಿ ಉಳಿಯೋದು. ಅವನ ಹಿಂದೆ ಬರೋ ಹುಡುಗಿಗೆ ಅದು ಅಡ್ಡ ಬರದೇ ಇರೋದು.

ಊರು ಬಿಡೋ ಮುಂಚೆ ಆ ಹುಡುಗನ ಮನೆಗೆ ಹೋಗಿದ್ದೆ. ತಲೆ ತಗ್ಗಿಸಿಕೊಂಡು ಕೂತಿದ್ದ. ಅವನ ಅವ್ವ "ನೀವಾದ್ರೂ ಬುದ್ಧಿ ಹೇಳಿ ಸಾ" ಅಂದರು. ನಾನು ಬುದ್ಧಿ ಹೇಳಲಿಲ್ಲ. "ಫೇಲಾಗಿರೋದು ನೀನು, ಕೇರಿ ಅಲ್ಲ. ಮತ್ತೆ ಕಟ್ಟೋದಾದ್ರೆ ಕಟ್ಟು, ಬೇರೆ ಏನಾದ್ರೂ ಓದೋದಾದ್ರೆ ಓದು, ಫೀಸಿಗೆ ಏನಾದ್ರೂ ವ್ಯವಸ್ಥೆ ಮಾಡೋಣ" ಅಂದೆ. ತಲೆ ಎತ್ತಿ ನೋಡಿದ. ನಿನ್ನೆ ರಾತ್ರಿ ಫೋನ್ ಮಾಡಿದ್ದ, ಎರಡು ಸಬ್ಜೆಕ್ಟ್ ಮತ್ತೆ ಕಟ್ತಾನಂತೆ. ಪಾಸಾದ್ರೆ ಸಂತೋಷ. ಆಗದಿದ್ರೂ ಅವನು ನಮ್ಮ ಹುಡುಗನೇ.

ನಿಮ್ಮೂರಲ್ಲೂ ಇಂಥವನೊಬ್ಬ ಇರ್ತಾನೆ. ಹೋಗಿ ಮಾತಾಡಿಸಿ.

ಜೈಭೀಮ್.